ಮಲ್ಲವ್ವ ನೋಡಿದ ನಾಣ್ಯಗಳು

ಹುಡುಗ ಮುಂಬೈಯಲ್ಲಿ ಭಂಗಾರದ ಅಂಗಡಿಯಲ್ಲಿದ್ದಾನೆ ಎಂದು ಮಧ್ಯಸ್ಥರು ಹೇಳಿದಾಗ ಮಲ್ಲವ್ವನ ಅಪ್ಪ ಎರಡನೇ ಮಾತಾಡಲಿಲ್ಲ. ಸಿಂದಗಿ ಕಡೆಯ ಆ ಹಳ್ಳಿಯಲ್ಲಿ ಬಂಗಾರವೆಂದರೆ ಬಂಗಾರವೇ. ಹುಡುಗ ನೀಲಕಂಠಪ್ಪನ ಕಡೆಯವರು ಸುಳ್ಳು ಹೇಳಿದ್ದೂ ಅಲ್ಲ. ಮುಂಬೈಯಲ್ಲಿ ಭಂಗಾರ್ ಎಂದರೆ ಗುಜರಿ ಎಂಬುದು ಮಲ್ಲವ್ವನಿಗೆ ತಿಳಿದದ್ದು ಘಾಟ್ಕೋಪರದ ಗುಡ್ಡದ ಮೇಲಿನ ಚಾಳಿಗೆ ಸಂಸಾರ ಹೂಡಲು ಬಂದ ಮೇಲೆ. ಗಂಡ ಸಂಜೆ ಮನೆಗೆ ಬಂದಾಗ ಅವನ ಅಂಗೈ ಕಪ್ಪಗೆ, ಉಗುರಿನ ಸಂದು ಹಸಿರು. ಮೈಯಿಂದ ಒಂದು ಥರದ ಲೋಹದ ವಾಸನೆ. ಅವಳು ನಕ್ಕುಬಿಟ್ಟಳು. ಊರಿಗೆ ಹೋದಾಗ ಅಪ್ಪನಿಗೂ ಹೇಳಿದಳು. ಅಪ್ಪ, "ಒಂದು ಅಕ್ಷರದಾಗ ಮೋಸ ಹೋದ್ವಿ ನೋಡು. ಇರಲಿ, ಹುಡುಗ ಖರೆ ಅದಾನೋ ಇಲ್ಲೋ?" ಎಂದು ಕೇಳಿದ. ಹುಡುಗ ಖರೆ ಇದ್ದ.

ನೀಲಕಂಠಪ್ಪ ಕೆಲಸ ಮಾಡುತ್ತಿದ್ದ ಅಂಗಡಿ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಒಳಗೆ ಹೋಗುವ ಓಣಿಯೊಂದರಲ್ಲಿತ್ತು. ಹಳೆಯ ತಾಮ್ರ, ಹಿತ್ತಾಳೆ, ಕಂಚು ತೂಗಿ ಕೊಳ್ಳುವುದು, ಬೇರೆ ಬೇರೆ ಮಾಡಿ ಕರಗಿಸುವವರಿಗೆ ಕಳಿಸುವುದು. ಒಡೆದ ಹಂಡೆ, ಸೊಟ್ಟಾದ ಕೊಡ, ಸುಟ್ಟ ವೈರು ಇವುಗಳ ನಡುವೆ ಆಗಾಗ ಹಳೆಯ ದುಡ್ಡುಗಳು ಸಿಗುತ್ತಿದ್ದವು. ಯಾವುದೋ ಅಜ್ಜಿ ತೀರಿಕೊಂಡಾಗ ಅವಳ ಟ್ರಂಕಿನ ತಳದಲ್ಲಿದ್ದವು, ಯಾವುದೋ ವಾಡೆ ಕೆಡವಿದಾಗ ಹೊಸ್ತಿಲ ಕೆಳಗೆ ಸಿಕ್ಕವು. ಮಾಲೀಕರಿಗೆ ಅದೂ ತಾಮ್ರವೇ. ನೀಲಕಂಠಪ್ಪ ಅವನ್ನು ಆರಿಸಿಟ್ಟು, ಅಷ್ಟೇ ತೂಕದ ತಾಮ್ರದ ಬೆಲೆಯನ್ನು ತನ್ನ ಪಗಾರದಲ್ಲಿ ಹಿಡಿಸಿಕೊಂಡು ಮನೆಗೆ ತರುತ್ತಿದ್ದ. ಕರಗುವ ಒಲೆಯ ಬಾಯಿಂದ ಉಳಿಸಿ ತಂದೆ ಎಂಬ ಒಂದು ಹೆಮ್ಮೆ ಅವನಿಗೆ. ಹಾಗೆ ತಂದವುಗಳೆಲ್ಲ ಒಂದು ಬಿಸ್ಕೀಟಿನ ಡಬ್ಬಿಯಲ್ಲಿದ್ದವು.

ಮೊದಲ ದೀಪಾವಳಿಗೆ ಮಲ್ಲವ್ವನ ಕೈಗೆ ಆ ಡಬ್ಬಿ ಸಿಕ್ಕಿತು. ಒಳಗೆ ಕರಿ ಹಿಡಿದ, ಕಿಲುಬುಗಟ್ಟಿದ ದುಡ್ಡುಗಳು. ಹೊಸ ಮನೆ, ಮೊದಲ ಹಬ್ಬ, ಲಕ್ಷ್ಮೀಪೂಜೆಗೆ ಇಡಲು ಇದಕ್ಕಿಂತ ಒಳ್ಳೆಯದೇನಿದೆ ಎಂದುಕೊಂಡಳು. ಹುಣಸೆಹಣ್ಣು ನೆನೆಹಾಕಿ, ಉಪ್ಪು ಸೇರಿಸಿ, ತೆಂಗಿನ ನಾರಿನಿಂದ ಒಂದೊಂದನ್ನೂ ತಿಕ್ಕಿದಳು. ಕಿಲುಬೆಲ್ಲ ಹಸಿರು ನೀರಾಗಿ ಹರಿದು ಹೋಯಿತು. ದುಡ್ಡುಗಳು ಎಳೆ ಗುಲಾಬಿ ಬಣ್ಣಕ್ಕೆ ತಿರುಗಿ ಮಿರಮಿರ ಮಿಂಚತೊಡಗಿದವು. ತಾಟಿನಲ್ಲಿ ಅಕ್ಕಿಯ ಮೇಲೆ ಜೋಡಿಸಿ, ಮೇಲೊಂದು ಚೆಂಡುಹೂ ಇಟ್ಟು, ಗಂಡ ಬರುವ ದಾರಿ ಕಾದಳು.

ನೀಲಕಂಠಪ್ಪ ಬಂದವನೇ ತಾಟು ನೋಡಿದ. ಚಪ್ಪಲಿ ಬಿಡುವುದನ್ನೂ ಮರೆತು ಹೊಸ್ತಿಲಲ್ಲೇ ಕುಳಿತುಬಿಟ್ಟ.

"ಇವನ್ನ ಯಾಕ ತೊಳದಿ?"

"ಕೊಳಿ ಹತ್ತಿತ್ತಲ್ರೀ."

"ಅದು ಕೊಳಿ ಅಲ್ಲ."

ಅವನು ಬೈಯಲಿಲ್ಲ. ಬೈದಿದ್ದರೆ ಅವಳೂ ಒಂದು ಮಾತು ಆಡಿ ಮುಗಿಸುತ್ತಿದ್ದಳು. ಅವನು ತಾಟಿನಿಂದ ಒಂದು ದುಡ್ಡು ಎತ್ತಿ ಹೊರಳಿಸಿ ನೋಡಿ, ಮತ್ತೆ ಇಟ್ಟು, ಇನ್ನೊಂದನ್ನು ಎತ್ತಿದ. ಸತ್ತವರ ಮುಖ ನೋಡುವ ಹಾಗಿತ್ತು ಅವನು ನೋಡುತ್ತಿದ್ದ ರೀತಿ. ಪೂಜೆ ಆಯಿತು, ಊಟ ಆಯಿತು.

ಮರುದಿನ ಅವಳೇ ಕೇಳಿದಳು. "ಕೊಳಿ ಅಲ್ಲ ಅಂದ್ರ ಏನದು? ನನಗೂ ತೋರಸ್ರಿ. ತಪ್ಪಾಗೈತಿ ಅಂತೀರಿ, ಎಲ್ಲಿ ತಪ್ಪಾಗೈತಿ ಅಂತ ತಿಳೀಲಾರದ ನಾ ಹೆಂಗ ತಪ್ಪು ಒಪ್ಪಕೊಳ್ಳಲಿ?"

ನೀಲಕಂಠಪ್ಪ ಅವಳನ್ನು ದಿಟ್ಟಿಸಿ ನೋಡಿದ. ಇಂಥ ಪ್ರಶ್ನೆ ಅವನಿಗೆ ಆವರೆಗೆ ಯಾರೂ ಕೇಳಿರಲಿಲ್ಲ. ಭೂತಗನ್ನಡಿ ತಂದು, ಜೇಬಿನಲ್ಲಿ ಕರವಸ್ತ್ರದ ಗಂಟಿನಲ್ಲಿದ್ದ ಒಂದು ದುಡ್ಡನ್ನು ತೆಗೆದ. ಡಬ್ಬಿಗೆ ಸೇರದೆ ಉಳಿದಿದ್ದ ಒಂದು ಶಿವರಾಯಿ ಅದು, ಮರಾಠರ ಕಾಲದ ತಾಮ್ರದ ದುಡ್ಡು. ಹಳೆಯ ಬೆಲ್ಲದ ಬಣ್ಣ. ಅದನ್ನೂ ತೊಳೆದ ಶಿವರಾಯಿಯೊಂದನ್ನೂ ಅಕ್ಕಪಕ್ಕ ಇಟ್ಟು ನೋಡಲು ಹೇಳಿದ. ಹಳೆಯದರಲ್ಲಿ ಅಕ್ಷರದ ಏಣು ಗಟ್ಟಿಯಾಗಿ ಎದ್ದು ನಿಂತಿತ್ತು. ತೊಳೆದದ್ದರಲ್ಲಿ ಅದೇ ಅಕ್ಷರ ನೀರಿನಲ್ಲಿ ನೆನೆದ ಬಿಸ್ಕೀಟಿನ ಹಾಗೆ ಮೆತ್ತಗಾಗಿ, ಮೈತುಂಬ ಸಣ್ಣ ಸಣ್ಣ ಚುಕ್ಕೆಗಳಿದ್ದವು.

"ನೆಲದಾಗ, ಪೆಟ್ಟಿಗ್ಯಾಗ, ಮಂದಿ ಕೈಯಾಗ ಇದ್ದೂ ಇದ್ದೂ ತಾಮ್ರಕ್ಕ ಒಂದು ತೊಗಲು ಬರತೈತಿ," ಅಂದ ನೀಲಕಂಠಪ್ಪ. "ಇನ್ನೂರು ವರ್ಷ ಬೇಕು ಅದಕ್ಕ. ನೀ ಹುಳಿ ಹಚ್ಚಿದಿ, ತೊಗಲು ಸುಲದು ಬಂತು. ಇನ್ನೂ ಇದು ಖರೆ ದುಡ್ಡೇ. ಆದ್ರ ಇದರ ವಯಸ್ಸು ಹೋತು."

ಆ ಮಾತು ಮಲ್ಲವ್ವನ ಎದೆಗೆ ನಾಟಿತು. ಅವಳು ಅಳಲಿಲ್ಲ. ಭೂತಗನ್ನಡಿಯನ್ನು ಅವನ ಕೈಗೆ ವಾಪಸು ಕೊಡದೆ ಇನ್ನೊಂದು ದುಡ್ಡು ಎತ್ತಿಕೊಂಡಳು.

ಅಲ್ಲಿಂದ ಶುರುವಾದದ್ದು. ಮಲ್ಲವ್ವ ಓದಿದ್ದು ನಾಲ್ಕನೇ ಇಯತ್ತೆ, ಅದೂ ಕನ್ನಡ. ದುಡ್ಡಿನ ಮೇಲಿನ ನಾಗರಿ ಅಕ್ಷರವನ್ನು ಮುಂಬೈಯ ಬೋರ್ಡುಗಳನ್ನು ನೋಡಿ ನೋಡಿ ಕಲಿತಳು. ಫಾರಸಿ ಅಕ್ಷರ ಕಡೆಗೂ ಓದಲು ಬರಲಿಲ್ಲ. ಆದರೆ ಅವಳು ರಂಗೋಲಿ ಹಾಕುವ ಕೈಯವಳು. ಯಾವ ಎಳೆ ಎಲ್ಲಿಂದ ಹೊರಟು ಎಲ್ಲಿ ಬಾಗಿ ಎಲ್ಲಿ ಸೇರಬೇಕು ಎಂಬುದು ಒಮ್ಮೆ ನೋಡಿದರೆ ಸಾಕು, ಕಣ್ಣಲ್ಲಿ ಕುಳಿತುಬಿಡುತ್ತಿತ್ತು. ವಿಜಯಪುರದ ಆದಿಲ್‌ಶಾಹಿ ದುಡ್ಡಿನ ಬರಹ ಅವಳಿಗೆ ಮಾತಲ್ಲ, ಬಳ್ಳಿ. ಬಳ್ಳಿ ತಪ್ಪಿದ್ದರೆ ತಕ್ಷಣ ಗೊತ್ತಾಗುತ್ತಿತ್ತು. ಏನು ಬರೆದಿದೆ ಎಂದು ಓದಿ ಹೇಳುವ ಕೆಲಸ ನೀಲಕಂಠಪ್ಪನದು. ಅವನೂ ಪುಸ್ತಕ ನೋಡಿ, ದರ್ಗಾದ ಬಳಿಯ ಅತ್ತರಿನವನನ್ನು ಕೇಳಿ ಕಲಿತದ್ದು.

ಖರೆ ಸುಳ್ಳಿನ ವಿಷಯವೂ ಹಾಗೆ ನಿಧಾನ ತಲೆಗೆ ಹತ್ತಿತು. ಹಳೆಯ ದುಡ್ಡು ಠಸೆಯ, ಅಂದರೆ ಅಕ್ಷರ ಕೊರೆದ ಉಕ್ಕಿನ ಮುದ್ರೆಯ ಪೆಟ್ಟು ತಿಂದು ಹುಟ್ಟಿದ್ದು. ಸುತ್ತಿಗೆ ಬಿದ್ದಾಗ ತಾಮ್ರ ಹಿಟ್ಟಿನ ಉಂಡೆಯ ಹಾಗೆ ಹೊರಕ್ಕೆ ಸರಿಯುತ್ತದೆ, ಅಂಚಿನಲ್ಲಿ ಸೀಳು ಬಿಡುತ್ತದೆ, ಅಕ್ಷರದ ಬುಡ ಚೂಪಾಗಿರುತ್ತದೆ. ಈಗಿನವರು ಖೋಟಾ ಮಾಡುವುದು ಎರಕ ಹೊಯ್ದು. ಅಚ್ಚಿನೊಳಗೆ ಕರಗಿದ ತಾಮ್ರ ತುಂಬಿದಾಗ ಗಾಳಿ ಸಿಕ್ಕಿಕೊಂಡು ಅಕ್ಷರದ ಹಳ್ಳದಲ್ಲಿ ಗುಳ್ಳೆಯ ಗುರುತು ಉಳಿಯುತ್ತದೆ, ಅಚ್ಚಿನ ಎರಡು ಹೋಳು ಕೂಡಿದಲ್ಲಿ ಅಂಚಿನ ಸುತ್ತ ಒಂದು ಗೆರೆ ಬರುತ್ತದೆ. ಆ ಗೆರೆಯನ್ನು ಕಾನಸಿನಿಂದ, ಅಂದರೆ ಅರದಿಂದ, ಉಜ್ಜಿ ಅಳಿಸುತ್ತಾರೆ. ಉಜ್ಜಿದ ಗೀರು ಮಾತ್ರ ಉಳಿಯುತ್ತದೆ. ಮೇಲೆ ಹಸಿರು ಬರಲೆಂದು ಏನೇನೋ ಹಚ್ಚಿ ಮಣ್ಣಿನಲ್ಲಿ ಹೂಳುತ್ತಾರೆ. ಆ ಹಸಿರು ಸುಣ್ಣದ ಗೋಡೆಗೆ ಬಳಿದ ಬಣ್ಣದ ಹಾಗೆ ಮೇಲೆ ಕೂತಿರುತ್ತದೆ. ಖರೆ ಕಿಲುಬು ತಾಮ್ರದ ಒಳಗಿಂದಲೇ ಬಂದದ್ದು.

ಸ್ಥಿತಿ ಹೇಳಲು ವ್ಯಾಪಾರದವರ ಬಳಿ ಇಂಗ್ಲಿಷ್ ಅಕ್ಷರಗಳ ಒಂದು ಕ್ರಮವಿತ್ತು. ಮಲ್ಲವ್ವ ಅದರ ಗೊಡವೆಗೆ ಹೋಗಲಿಲ್ಲ. ಅವಳ ಲೆಕ್ಕದಲ್ಲಿ ದುಡ್ಡು ಮೂರೇ ತರ. ಮುಖ ಐತಿ. ಮುಖ ಮಾಸೈತಿ. ಮುಖ ಹೋಗೈತಿ. ನೀಲಕಂಠಪ್ಪನಿಗೂ ಅದೇ ಮಾತು ರೂಢಿಯಾಯಿತು. ಕ್ರಮೇಣ ಅವರ ಬಳಿ ಬರುವವರಿಗೂ ಆಯಿತು. ದಾದರಿನ ಸಭಾಗೃಹದಲ್ಲಿ ನಡೆಯುವ ನಾಣ್ಯ ಪ್ರದರ್ಶನದಲ್ಲಿ ಮರಾಠಿಯವರು ಕೂಡ "ಮೌಶಿ, ಇದರ ಮುಖ ಹೇಗಿದೆ?" ಎಂದು ಕೇಳುವಂತಾಯಿತು.

ವರ್ಷಗಳು ಹೋದವು. ಚಾಳು ಹೋಗಿ ಅದೇ ಜಾಗದಲ್ಲಿ ಬಿಲ್ಡಿಂಗ್ ಎದ್ದಿತು, ಅದರ ಒಂಬತ್ತನೇ ಮಾಳಿಗೆಯಲ್ಲಿ ಇವರಿಗೊಂದು ಖೋಲಿ ಸಿಕ್ಕಿತು. ಮಗಳು ಸೋನಾಲಿ ಓದಿ, ಕೆಲಸಕ್ಕೆ ಸೇರಿ, ಮದುವೆಯಾಗಿ ಮುಲುಂಡಿಗೆ ಹೋದಳು. ಗ್ರಾಂಟ್ ರೋಡಿನ ಅಂಗಡಿ ಮುಚ್ಚಿತು. ನೀಲಕಂಠಪ್ಪನಿಗೆ ಸಕ್ಕರೆ ಕಾಯಿಲೆ ಬಂದದ್ದು ಮುಂಚೆಯೇ. ಅದು ಕಣ್ಣಿನ ಹಿಂದಿನ ಪರದೆಗೆ ತಗುಲಿದ್ದು ತಡವಾಗಿ ಗೊತ್ತಾಯಿತು. ಡಾಕ್ಟರು ಸೂಜಿ ಹಾಕಿದರು, ಲೇಸರ್ ಮಾಡಿದರು. ಮೊದಲು ದುಡ್ಡಿನ ಸಣ್ಣ ಚುಕ್ಕೆಗಳು ಹೋದವು, ಆಮೇಲೆ ಅಕ್ಷರಗಳು, ಆಮೇಲೆ ದುಡ್ಡೇ. ಈಗ ಅವನಿಗೆ ಕಿಟಕಿ ಎಲ್ಲಿದೆ ಎಂದು ತಿಳಿಯುತ್ತದೆ, ಮುಂದೆ ನಿಂತವರು ಗಂಡಸೋ ಹೆಂಗಸೋ ಎಂದು ಸುಮಾರು ತಿಳಿಯುತ್ತದೆ.

ಆಗಲೂ ಪ್ರದರ್ಶನಕ್ಕೆ ಹೋಗುವುದು ಬಿಡಲಿಲ್ಲ. ಯಾರಾದರೂ ದುಡ್ಡು ತಂದರೆ ಮೊದಲು ಅವನು ಅಂಗೈಯಲ್ಲಿ ಹಿಡಿದು ತೂಕ ನೋಡಿ, ಹೆಬ್ಬೆರಳಿನಿಂದ ಮುಖ ಸವರುತ್ತಿದ್ದ. ಆಮೇಲೆ ಮಲ್ಲವ್ವ ಭೂತಗನ್ನಡಿ ಹಿಡಿದು ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದಳು. ಬಲಕ್ಕೆ ಬಳ್ಳಿ ಹಿಂಗ ಬಾಗೈತಿ, ಕೆಳಗ ಎರಡು ಚುಕ್ಕಿ, ಮೂಲ್ಯಾಗ ಸವದೈತಿ. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಅವಳ ಮಾತಿನಿಂದ ಅವನ ತಲೆಯೊಳಗೆ ದುಡ್ಡು ಮೂಡುತ್ತಿತ್ತು.

ಅವರ ಸ್ನೇಹಿತ ಶರಣಬಸಪ್ಪನ ಮಾತು ಬರುವುದು ಇಲ್ಲೇ. ಕಲಬುರಗಿ ಕಡೆಯವನು, ದಹಿಸರದಲ್ಲಿ ಸ್ಟೀಲ್ ಪಾತ್ರೆಯ ಸಣ್ಣ ಅಂಗಡಿ. ನೀಲಕಂಠಪ್ಪನಿಗೂ ಅವನಿಗೂ ಸ್ನೇಹ ಕೂಡಿದ್ದು ಫುಟ್‌ಪಾತಿನ ಮೇಲೆ, ಒಂದೇ ದುಡ್ಡಿಗೆ ಇಬ್ಬರೂ ಕೈ ಹಾಕಿದಾಗ. ಇಬ್ಬರಿಗೂ ಆದಿಲ್‌ಶಾಹಿ ದುಡ್ಡಿನ ಹುಚ್ಚು. ಆ ಕಾಲದ ಠಸೆ ದೊಡ್ಡದು, ತಾಮ್ರದ ಬಿಲ್ಲೆ ಚಿಕ್ಕದು. ಹಾಗಾಗಿ ಬರಹ ಅರ್ಧ ಹೊರಗೇ ಉಳಿಯುತ್ತದೆ. ಎರಡೂ ಮಗ್ಗುಲಿನಲ್ಲಿ ಬರಹ ತುಂಬಿ ನಿಂತ, ನಮ್ಮೂರ ಕಡೆಯ ಅಂಥ ಒಂದು ದುಡ್ಡು ನನ್ನ ಕೈಗೆ ಬರಬೇಕು ಎಂಬುದು ನೀಲಕಂಠಪ್ಪನ ಬಹುಕಾಲದ ಆಸೆ.

ಕಳೆದ ವರ್ಷ ಸೋನಾಲಿಯ ಬಾಣಂತನಕ್ಕೆ ಮಲ್ಲವ್ವ ಮುಲುಂಡಿಗೆ ಹೋಗಿದ್ದಳು. ಇಲ್ಲಿ ಗಂಡನ ಊಟ ನೆರೆಮನೆಯವರು ನೋಡಿಕೊಳ್ಳುತ್ತಿದ್ದರು. ವಾರ ಬಿಟ್ಟು ವಾಪಸು ಬಂದಾಗ ನೀಲಕಂಠಪ್ಪ ಬಾಗಿಲಲ್ಲೇ ನಿಂತಿದ್ದ. ಮೊಮ್ಮಗು ಹೇಗಿದೆ ಎಂದು ಕೇಳಿದ, ಉತ್ತರ ಕೇಳಿಸಿಕೊಳ್ಳುವ ಮೊದಲೇ ಅವಳ ಅಂಗೈಗೆ ಒಂದು ದುಡ್ಡು ಇಟ್ಟ.

"ಶರಣಬಸಪ್ಪ ಬಂದಿದ್ದ. ನೋಡು, ಎರಡೂ ಕಡೆ ತುಂಬಿ ಬಂದೈತಿ! ಬೆರಳಿಗೆ ಪೂರಾ ಹತ್ತತೈತಿ. ಬದಲಿಗೆ ನಮ್ಮ ಆ ಬೆಲ್ಲದ ಬಣ್ಣದ ಶಿವರಾಯಿ ಕೊಟ್ಟೆ. ಬ್ಯಾಡ ಅಂದ, ನಾನೇ ಅವನ ಕಿಸೇದಾಗ ಹಾಕಿದೆ. ಹೇಳು, ಮುಖ ಹೆಂಗೈತಿ?"

ಮಲ್ಲವ್ವ ಗ್ಯಾಲರಿಗೆ ಹೋಗಿ ಬೆಳಕಿಗೆ ಹಿಡಿದಳು. ಕನ್ನಡಿ ಬೇಕಾಗಲಿಲ್ಲ, ಆದರೂ ತೆಗೆದುಕೊಂಡು ನೋಡಿದಳು. ಬಳ್ಳಿ ಸರಿಯಾಗಿತ್ತು, ಯಾವುದೋ ಖರೆ ದುಡ್ಡಿನ ಮೇಲೆ ಅಚ್ಚು ತೆಗೆದದ್ದು. ಆದರೆ ಎಳೆಗಳು ಎಲ್ಲಾ ಕಡೆ ಒಂದೇ ಥರ ಮೆತ್ತಗಿದ್ದವು. ಕೈಯಿಂದ ಕೈಗೆ ಹೋಗಿ ಸವೆದದ್ದಾದರೆ ಎತ್ತರದ್ದು ಮೊದಲು ಸವೆಯುತ್ತದೆ, ಹಳ್ಳದಲ್ಲಿ ಚೂಪು ಉಳಿಯುತ್ತದೆ. ಇದು ಹಳ್ಳದಲ್ಲೂ ಮೆತ್ತಗಿತ್ತು. ಅಲ್ಲಲ್ಲಿ ಗುಳ್ಳೆ. ಅಂಚು ಹೊರಳಿಸಿದರೆ ಕಾನಸಿನ ಗೀರು.

"ಏನಾತು? ಯಾಕ ಸುಮ್ಮಾದಿ?"

"ಬೆಳಕು ಸಾಲವಲ್ದು. ಮೋಡ ಆಗೈತಿ. ನಾಳೆ ನೋಡಿ ಹೇಳತೀನಿ," ಅಂದಳು.

ಗಂಡನಿಗೆ ಹಾಗೆ ಸುಳ್ಳು ಹೇಳಿದ್ದು ಅವಳಿಗೆ ಹೊಸದು. ಅಡಿಗೆ ಮಾಡುತ್ತ ಸೋನಾಲಿಗೆ ಫೋನು ಹಚ್ಚಿ ಮೆಲ್ಲಗೆ ಹೇಳಿದಳು. ಸೋನಾಲಿ ತಟ್ಟನೆ, "ಮಮ್ಮಿ, ಪಪ್ಪಾಗ ಹೇಳಬ್ಯಾಡ ನಾ. ಖುಷ್ ಅದಾರಲ್ಲ, ರೆಹನೇ ದೋ, ಇರಲಿ ಬಿಡು. ಅವರಿಗೆ ಕಾಣ್ಸೋದೇ ಇಲ್ಲ, ಫರಕ್ ಕ್ಯಾ ಪಡತಾ ಹೈ?" ಅಂದಳು.

ಫರಕ್ ಏನು ಎಂಬುದು ಮಲ್ಲವ್ವನಿಗೂ ಗೊತ್ತಾಗಲಿಲ್ಲ. ರೊಟ್ಟಿ ತಟ್ಟುತ್ತ ಯೋಚಿಸಿದಳು. ಒಳಗೆ ಅವನು ದುಡ್ಡನ್ನು ಬೆರಳ ನಡುವೆ ಹೊರಳಿಸುತ್ತ ಏನೋ ವಚನ ಗುನುಗುತ್ತಿದ್ದ. ಹಾಗೆ ಗುನುಗದೆ ಬಹಳ ದಿನಗಳಾಗಿದ್ದವು.

ಮರುದಿನ ಮುಂಜಾನೆ, ಮಗಳ ಮನೆಯಲ್ಲಿ ಕನ್ನಡಕ ಮರೆತೆ, ಹೋಗಿ ತರುತ್ತೇನೆ ಎಂದು ಹೇಳಿ ಮಲ್ಲವ್ವ ಹೊರಟಳು. ಮುಲುಂಡಿನ ಕಡೆಗಲ್ಲ. ಘಾಟ್ಕೋಪರದಿಂದ ಮೆಟ್ರೋ ಹತ್ತಿ ಅಂಧೇರಿ, ಅಲ್ಲಿಂದ ಲೋಕಲ್ ಹಿಡಿದು ದಹಿಸರ್. ದಾರಿಯ ಬೆಳಕಿನಲ್ಲಿ ನೋಡುತ್ತೇನೆಂದು ಅವನಿಂದ ಇಸಿದುಕೊಂಡ ದುಡ್ಡು ಅವಳ ಎಲೆಯಡಿಕೆಯ ಚೀಲದಲ್ಲಿತ್ತು.

ಶರಣಬಸಪ್ಪ ಆಗತಾನೆ ಶಟರ್ ಎತ್ತಿ ಡಬ್ಬಿಗಳ ಧೂಳು ಹೊಡೆಯುತ್ತಿದ್ದ. ಅವಳನ್ನು ಕಂಡವನೇ ಬಟ್ಟೆ ಕೆಳಗಿಟ್ಟು ಸ್ಟೂಲು ಸರಿಸಿದ. ಅವಳು ಕೂರದೆ ಚೀಲದಿಂದ ದುಡ್ಡು ತೆಗೆದು ತೋರಿಸಿದಳು.

"ಅಣ್ಣಾರ, ನಿಮ್ಮ ಕಣ್ಣು ಇನ್ನೂ ಛಲೋ ಐತಿ. ಇದನ್ನ ನೀವು ನೋಡದನ ಕೊಟ್ಟಿರೇನು?"

ಶರಣಬಸಪ್ಪ ಬಾಗಿಲ ಹೊರಗೆ ನೋಡಿದ. "ನೋಡೇ ಕೊಟ್ಟೀನಿ ವೈನಿ."

ಅವನೂ ಮೋಸ ಹೋಗಿರಬಹುದು, ಅವನಿಗೂ ಯಾರೋ ತಲೆಗೆ ಕಟ್ಟಿರಬಹುದು ಎಂದು ಮಲ್ಲವ್ವ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದಳು.

"ಕೂಡ್ರಿ ವೈನಿ, ಸಿಟ್ಟಿಗೇಳಬ್ಯಾಡ್ರಿ," ಅಂದ ಶರಣಬಸಪ್ಪ. ಗಲ್ಲೆಯ ಹಿಂದಿನ ಸಣ್ಣ ಪೆಟ್ಟಿಗೆ ತೆರೆದು ಒಂದು ಕಾಗದದ ಪುಡಿಕೆ ತಂದ. ಒಳಗೆ ಬೆಲ್ಲದ ಬಣ್ಣದ ಶಿವರಾಯಿ. "ಇದು ಒಯ್ಯಬೇಕಂತ ನಾ ತಂದಿಲ್ಲ. ಹೆಂಗ ವಾಪಸ್ ಕೊಡ್ಲಿ ಅಂತ ಅವತ್ತಿನಿಂದ ಚಿಂತಿ. ನೀಲಕಂಠ ಎಷ್ಟು ವರ್ಷ ಬಡಕೊಂಡ ಆ ದುಡ್ಡಿಗೆ, ನಿಮಗ ಗೊತ್ತೈತಿ. ಖರೇದು ಸಿಗಲಿಲ್ಲ. ಇನ್ನ ಸಿಕ್ರೂ ಅವ ನೋಡೂದೆಲ್ಲಿ? ಮೊನ್ನೆ ಬಜಾರದಾಗ ಇದು ಕಂಡಿತು. ಎರಕ ಅಂತ ನೋಡಿದ ಕೂಡಲೇ ತಿಳೀತು. ಆದ್ರ ಬೆರಳಿಗೆ ಹತ್ತತೈತಲ್ಲ ಅನಸ್ತು. ಕೈಯಾಗ ಹಿಡದು ಖುಷಿ ಪಡಲಿ ಅಂದೆ. ಅವನ ಮುಖ ನೀವು ನೋಡಬೇಕಿತ್ತು ವೈನಿ. ಸಣ್ಣ ಹುಡುಗರಂಗ ಆಗಿದ್ದ."

"ನೋಡೀನಿ," ಅಂದಳು ಮಲ್ಲವ್ವ.

"ಮತ್ತ? ಸುಳ್ಳು ಅಂತ ಹೇಳಿದ್ರ ಅವನಿಗೇನು ಸಿಗತೈತಿ? ನೀವೂ ಸುಮ್ಮ ಇದ್ದುಬಿಡ್ರಿ."

ಶರಣಬಸಪ್ಪ ಚಹಾ ತರಿಸಿದ. ಅವಳು ಕುಡಿದಳು. ಬಂದ ಸಿಟ್ಟು ಎಲ್ಲಿ ಇಡಬೇಕೆಂದು ತಿಳಿಯದೆ, ಎರಡೂ ದುಡ್ಡುಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಇವನು ಕೆಟ್ಟವನಾಗಿದ್ದರೆ ಎಷ್ಟು ಸಲೀಸಾಗಿತ್ತು ಎನಿಸಿತು.

ಲೋಕಲ್‌ನಲ್ಲಿ ಕಿಟಕಿಯ ಬಳಿ ಜಾಗ ಸಿಕ್ಕಿತು. ಬೋರಿವಲಿ, ಕಾಂದಿವಲಿ, ಮಲಾಡ್, ಜನ ಹತ್ತಿದರು, ಇಳಿದರು. ಶರಣಬಸಪ್ಪ ಹೇಳಿದ್ದರಲ್ಲಿ ತಪ್ಪು ಹುಡುಕಲು ನೋಡಿದಳು, ಸುಲಭಕ್ಕೆ ಸಿಗಲಿಲ್ಲ. ಸಕ್ಕರೆ ಇಲ್ಲದ ಚಹಾ ಕುಡಿದು, ಸೂಜಿ ಚುಚ್ಚಿಸಿಕೊಂಡು, ಬೆಳಕು ಕಳೆದುಕೊಂಡ ಗಂಡನಿಗೆ ಒಂದು ಖುಷಿ ಸಿಕ್ಕಿದೆ. ಅದನ್ನು ಕಸಿಯುವುದು ಅವಳ ಕೈಯಲ್ಲಿದೆ. ಕಸಿಯದಿದ್ದರೆ ಯಾರಿಗೂ ನಷ್ಟವಿಲ್ಲ. ಆದರೆ ನಾಳೆ ಅವನು ಮತ್ತೆ ಕೇಳುತ್ತಾನೆ, ಮುಖ ಹೆಂಗೈತಿ? ಅವಳು ಐತಿ ಅನ್ನಬೇಕು. ಆಮೇಲೆ ಇನ್ಯಾವುದೋ ಖರೆ ದುಡ್ಡಿಗೂ ಐತಿ ಅನ್ನುತ್ತಾಳೆ. ಎರಡೂ ಐತಿ ಅವನಿಗೆ ಒಂದೇ ಥರ ಕೇಳಿಸುತ್ತವೆ. ಅವನಿಗೆ ಗೊತ್ತಾಗುವುದಿಲ್ಲ ನಿಜ, ಅವಳಿಗೆ ಗೊತ್ತಿರುತ್ತದಲ್ಲ. ಅವನ ಬಳಿ ಉಳಿದಿರುವ ಬೆಳಕೆಂದರೆ ಅವಳ ಮಾತು. ಅದರಲ್ಲಿ ಎರಕ ಸೇರಿದರೆ ಅವನು ನಿಜವಾಗಿಯೂ ಕುರುಡನಾಗುತ್ತಾನೆ.

ಅಂಧೇರಿಯಲ್ಲಿ ಇಳಿಯುವಾಗ ಅವಳಿಗೆ ಸಮಾಧಾನವೇನೂ ಆಗಿರಲಿಲ್ಲ. ಏನು ಮಾಡಬೇಕೆಂದು ಮಾತ್ರ ಗೊತ್ತಾಗಿತ್ತು.

ಮನೆಗೆ ಬಂದು ಕೈಕಾಲು ತೊಳೆದು ಅವನ ಎದುರು ಕುಳಿತಳು.

"ಕನ್ನಡಕ ಸಿಕ್ತೇನು?" ಅಂದ ನೀಲಕಂಠಪ್ಪ.

"ಕನ್ನಡಕ ಇಲ್ಲೇ ಇತ್ತು. ನಾ ದಹಿಸರಕ್ಕ ಹೋಗಿದ್ದೆ." ತಡೆದರೆ ಮಾತು ಹೊರಡುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು. "ಆ ದುಡ್ಡು ಎರಕ ಹೊಯ್ದದ್ದು. ನಿನ್ನೆನ ನೋಡಿದ್ದೆ. ಹೇಳಾಕ ಬಾಯಿ ಬರಲಿಲ್ಲ."

ನೀಲಕಂಠಪ್ಪ ಅವಳ ದನಿಯ ಕಡೆ ಮುಖ ತಿರುಗಿಸಿದ.

"ಶರಣಬಸಪ್ಪಗ ಗೊತ್ತಿತ್ತೇನು?"

ಈ ಪ್ರಶ್ನೆಗೇ ಅವಳು ಹೆದರಿದ್ದು. "ಗೊತ್ತಿತ್ತು. ನಿಮಗ ಖುಷಿ ಆಗಲಿ ಅಂತ ತಂದಾರ. ಶಿವರಾಯಿ ತಿರಗಿ ಕೊಟ್ಟಾರ, ತಗೋರಿ."

ಅವನು ಶಿವರಾಯಿಯನ್ನು ಮುಟ್ಟಲಿಲ್ಲ. "ಕಣ್ಣು ಹೋದ್ರ ಬುದ್ಧಿನೂ ಹೋಗತೈತಿ ಅಂತ ತಿಳಕೊಂಡಾನ. ಗೆಳ್ಯಾ!" ಎಂದು ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಮಲಗಿದ. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಸಕ್ಕರೆಯವರು ಹೊತ್ತು ತಪ್ಪಿಸಬಾರದು ಎಂದು ಅವಳು ಗಂಗಾಳ ತಂದು ಪಕ್ಕದಲ್ಲಿಟ್ಟಳು. ಎರಡು ತುತ್ತು ತಿಂದು ಸರಿಸಿದ. ಹೇಳಿದ್ದು ತಪ್ಪಾಯಿತೇನೋ ಎಂದು ಮಲ್ಲವ್ವ ಅಡಿಗೆಮನೆಯಲ್ಲಿ ಒಬ್ಬಳೇ ಕುಳಿತಳು.

ಸಂಜೆ ದೀಪ ಹಚ್ಚುವಾಗ ಅವನೇ ಕರೆದ. "ಆ ಖೋಟಾ ತಾ ಇಲ್ಲಿ. ನಾ ಎಲ್ಲಿ ತಪ್ಪಿದೆ ತೋರಸು."

ಅವಳು ಅವನ ತೋರುಬೆರಳಿನ ಉಗುರನ್ನು ಹಿಡಿದು ದುಡ್ಡಿನ ಅಂಚಿನ ಮೇಲೆ ಎಳೆದಳು. ಗರಗರ ಎಂದಿತು. ಅವನು ತಾನೇ ಇನ್ನೊಮ್ಮೆ ಎಳೆದ. ಆಮೇಲೆ ಶಿವರಾಯಿಯನ್ನು ಕೇಳಿ ಇಸಿದುಕೊಂಡು ಅದರ ಅಂಚಿನ ಮೇಲೂ ಎಳೆದ.

"ನಾ ಅಂಚು ಮುಟ್ಟಲೇ ಇಲ್ಲ," ಅಂದ. "ಮುಖ ಅಷ್ಟ ಸವರಿದೆ. ಅಷ್ಟು ಬೇಕಾಗಿತ್ತು ನೋಡು ನನಗ ಅದು. ಬೇಕಾದದ್ದು ಕೈಗೆ ಬಂದಾಗ ಯಾರೂ ಅಂಚು ಮುಟ್ಟೂದಿಲ್ಲ." ಆಮೇಲೆ ಕೇಳಿದ, "ನೀ ಯಾಕ ಹೇಳಿದಿ? ಸುಮ್ಮ ಇರಬಹುದಾಗಿತ್ತಲ್ಲ."

"ಸುಮ್ಮ ಇದ್ದಿದ್ರ ಮುಂದ ನೀವು ಏನು ಕೇಳಿದ್ರೂ ನನ್ನ ಮಾತು ನನಗ ಖರೆ ಅನ್ನಸ್ತಿದ್ದಿಲ್ಲ."

ಅವನು ತಲೆಯಾಡಿಸಿದ. ಹಸಿವಾಗಿದೆ ಅಂದ.

ಶರಣಬಸಪ್ಪನ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ. ಫೋನು ಬಂದರೆ ಎತ್ತಲಿಲ್ಲ. ಮಲ್ಲವ್ವ ನಡುವೆ ಬಾಯಿ ಹಾಕಲಿಲ್ಲ, ಇಬ್ಬರ ಸಂಬಂಧ ಅವಳ ಮದುವೆಗಿಂತ ಹಳೆಯದು. ಶ್ರಾವಣದ ಒಂದು ಸೋಮವಾರ ಶರಣಬಸಪ್ಪ ತಾನೇ ಬಂದ. ಬಿಲ್ಡಿಂಗಿನ ಲಿಫ್ಟು ಕೆಟ್ಟಿತ್ತು. ಒಂಬತ್ತು ಮಾಳಿಗೆ ಹತ್ತಿ ಬಂದವನು ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದ. ಆ ಉಸಿರಿನ ಸದ್ದಿನಿಂದಲೇ ನೀಲಕಂಠಪ್ಪನಿಗೆ ಯಾರು ಎಂದು ತಿಳಿಯಿತು.

"ನೀರು ಕೊಡು ಅವಂಗ," ಅಂದ ಹೆಂಡತಿಗೆ. ಆಮೇಲೆ ಬಾಗಿಲ ಕಡೆ ಮುಖ ತಿರುಗಿಸಿ, "ನನಗ ಸುಳ್ಳು ಕೊಡೂದಿದ್ರ ಹೇಳಿ ಕೊಡು. 'ನೀಲಕಂಠ, ಇದು ಎರಕ, ಆದ್ರ ಬಳ್ಳಿ ಪೂರಾ ಮೂಡೈತಿ, ಮುಟ್ಟಿ ನೋಡು' ಅಂದಿದ್ರ ನಾ ಬ್ಯಾಡ ಅಂತಿದ್ದೆನೇನು? ಖುಷಿಯಿಂದ ಮುಟ್ಟತಿದ್ದೆ."

ಶರಣಬಸಪ್ಪ ನೀರಿನ ಲೋಟ ಹಿಡಿದು ನಿಂತೇ ಇದ್ದ. "ಅದು ನನಗ ಹೊಳೀಲೇ ಇಲ್ಲೋ ಮಾರಾಯಾ," ಅಂದ. ಮಲ್ಲವ್ವ ಚಹಾ ಇಡಲು ಒಳಗೆ ಹೋದಳು. ಚಹಾ ತರುವಷ್ಟರಲ್ಲಿ ಇಬ್ಬರೂ ಯಾವುದೋ ಹಳೆಯ ಫುಟ್‌ಪಾತಿನ ವ್ಯಾಪಾರಿಯನ್ನು ಬೈಯುತ್ತಿದ್ದರು. ಆ ಎರಕದ ದುಡ್ಡು ಈಗಲೂ ಮನೆಯಲ್ಲೇ ಇದೆ. ಬರಹ ಪೂರಾ ಇದ್ದರೆ ಹೇಗಿರುತ್ತದೆ ಎಂದು ಹೊಸಬರಿಗೆ ತೋರಿಸಲು ನೀಲಕಂಠಪ್ಪ ಅದನ್ನೇ ಬಳಸುತ್ತಾನೆ, ಖೋಟಾ ಎಂದು ಮೊದಲೇ ಹೇಳಿ.

ಈ ಚಳಿಗಾಲದ ಪ್ರದರ್ಶನದಲ್ಲಿ ಮಾಧುರಿ ಎಂಬ ಮರಾಠಿ ಹೆಂಗಸು ತನ್ನ ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿತೆಂದು ಒಂದು ತಾಮ್ರದ ದುಡ್ಡು ತಂದಳು. ನೀಲಕಂಠಪ್ಪ ಅಂಚು, ಮುಖ, ತೂಕ ಎಲ್ಲ ನೋಡಿ ಖರೆ ಅಂದ. ಮಲ್ಲವ್ವ ಭೂತಗನ್ನಡಿ ಹಿಡಿದು ಮತ್ತೆ ಮತ್ತೆ ಹೊರಳಿಸಿ ನೋಡಿದಳು. ಬಳ್ಳಿ ಸರಿಯಿತ್ತು, ಗುಳ್ಳೆ ಇರಲಿಲ್ಲ. ಆದರೆ ಒಂದು ಮೂಲೆಯ ಹಸಿರು ತೀರ ತಿಳಿ, ಉಗುರು ತಾಕಿದರೆ ಪುಡಿಯಾಗುತ್ತಿತ್ತು. ಯಾರೋ ಹಚ್ಚಿದ್ದೋ, ತೇವಕ್ಕೆ ಹಬ್ಬುತ್ತ ಹೋಗುವ ತಾಮ್ರದ ರೋಗವೋ?

"ಇವರು ಖರೆ ಅಂತಾರೆ. ನನಗೆ ತಿಳಿಯುತ್ತಿಲ್ಲ," ಎಂದಳು ಮರಾಠಿಯಲ್ಲಿ.

ಮಾಧುರಿ ನಕ್ಕಳು. "ನಾನು ಯಾರ ಮಾತು ನಂಬಲಿ ಮೌಶಿ?"

"ಒಣ ಕಾಗದದಲ್ಲಿ ಬೇರೆ ಇಡು. ತೊಳೆಯಬೇಡ. ಮಳೆಗಾಲ ಕಳೆದ ಮೇಲೆ ಆ ಹಸಿರು ಹಬ್ಬಿದೆಯೋ ಇಲ್ಲವೋ ನೋಡಿ ತಾ. ಆಗ ಹೇಳುತ್ತೇನೆ."

ಮಾಧುರಿ ದುಡ್ಡನ್ನು ಪರ್ಸಿನಲ್ಲಿಟ್ಟುಕೊಂಡು ಹೋದಳು. ದಾದರಿನಿಂದ ವಾಪಸು ಬರುವಾಗ ಲೋಕಲ್‌ನಲ್ಲಿ ಇಬ್ಬರಿಗೂ ಅದೇ ಜಗಳ. ಅಂಚು ಅಷ್ಟು ಛಲೋ ಐತಿ, ಇನ್ನೇನು ಬೇಕು ನಿನಗ ಎಂದು ಅವನು. ಅಂಚು ಒಂದೇ ಅಲ್ರೀ, ಹಸಿರು ಯಾಕ ಹಂಗೈತಿ ಎಂದು ಅವಳು. ಎದುರಿನ ಸೀಟಿನವರು ಮುದಿ ಗಂಡ ಹೆಂಡಿರು ಏನೋ ಮನೆಯ ವ್ಯಾಜ್ಯ ಆಡುತ್ತಿದ್ದಾರೆ ಎಂದುಕೊಂಡು ಮುಖ ತಿರುಗಿಸಿ ಕುಳಿತರು. ವಿದ್ಯಾವಿಹಾರ್ ದಾಟಿತು. ಮಲ್ಲವ್ವ ಎದ್ದು ಅವನ ಮೊಣಕೈ ಹಿಡಿದು ಬಾಗಿಲ ಕಡೆ ನಡೆಸಿಕೊಂಡು ಹೋದಳು. ನೂಕುನುಗ್ಗಲಿನ ನಡುವೆ ನೀಲಕಂಠಪ್ಪ ತೂಕದ ಬಗ್ಗೆ ಇನ್ನೂ ವಾದಿಸುತ್ತಲೇ ಇದ್ದ.